ಕಾಲು ತಾಗದ ಊಟ

ಚೆನ್ನೈಯ ಕೀಲ್ಪಾಕಿನ ಹೋಟೆಲೊಂದರಲ್ಲಿ ಬಡಿಸುತ್ತಿದ್ದ ಉಡುಪಿ ಕಡೆಯ ಹರಿಹರ ಅಡಿಗರು ಎಂಥ ಗಿರಾಕಿಯ ಮುಂದೆಯೂ ತಟ್ಟೆ ಕುಕ್ಕಿದವರಲ್ಲ. ಅನ್ನ ದೇವರು ಎಂದು ನಂಬಿಯೇ ತಲೆ ನರೆಸಿಕೊಂಡವರು. ಹಂದಿಜ್ವರ ಹಬ್ಬಿದ ವರ್ಷ ಅದು ಅವರಿಗೂ ತಗಲಿ, ಆಸ್ಪತ್ರೆಯ ಒಂಟಿ ಕೋಣೆ ಸೇರಬೇಕಾಯಿತು.

ಮಧ್ಯಾಹ್ನ ಬಾಗಿಲು ಗೇಣಗಲ ತೆರೆಯಿತು. ಮಾಸ್ಕು, ಗ್ಲೌಸು ತೊಟ್ಟ ಆಯಾ "ಸಾಪಾಡು!" ಎಂದು ತಮಿಳಿನಲ್ಲಿ ಕೂಗಿ, ಊಟದ ತಟ್ಟೆಯನ್ನು ನೆಲಕ್ಕಿಟ್ಟು ಚಪ್ಪಲಿಗಾಲಿನಿಂದ ಒಳಗೆ ನೂಕಿದಳು. ಸಾಂಬಾರು ತುಳುಕಿ ನೆಲಕ್ಕೆ ಚೆಲ್ಲಿತು. ಥೂ, ಅನ್ನಕ್ಕೆ ಚಪ್ಪಲಿ! ಅಡಿಗರು ಆ ತಟ್ಟೆ ಮುಟ್ಟಲಿಲ್ಲ.

ಸಂಜೆ, ರೋಗಿಗಳ ಕಷ್ಟಸುಖ ವಿಚಾರಿಸಲೆಂದೇ ಆಸ್ಪತ್ರೆಯವರು ನೇಮಿಸಿದ್ದ ಊರ್ಮಿಳಾ ಎಂಬ ಕನ್ನಡದ ಹೆಂಗಸು ಕಿಟಕಿಯ ಗಾಜಿನಾಚೆ ನಿಂತು ಕೇಳಿದಳು: "ರೂಮಿಗೆ ಟಿವಿ ಹಾಕಿಸ್ಲಾ ಸಾರ್?"

"ಟಿವಿ ಎಂತಕ್ಕೆ ಮಾರಾಯ್ರೆ? ಊಟವನ್ನು ಕಾಲಲ್ಲಿ ದೂಡುದಾ? ನಾಯಿಗೂ ಯಾರೂ ಹಾಗೆ ಹಾಕುದಿಲ್ಲ!"

"ಅಯ್ಯೋ, ತಪ್ಪಾಯ್ತು ಸಾರ್. ನಾಳೆಯಿಂದ ಯಾರೂ ಕಾಲು ತಾಗ್ಸಲ್ಲ, ನಾನ್ ಹೇಳ್ತೀನಿ."

ಮರುದಿನ ಊಟದ ಹೊತ್ತಿಗೆ ಬಾಗಿಲು ಮತ್ತೆ ಗೇಣಗಲ ತೆರೆಯಿತು. ಊರ್ಮಿಳಾ ಮಾತು ಉಳಿಸಿಕೊಂಡಿದ್ದಳು. ಕಾಲು ಕಾಣಲಿಲ್ಲ. ತಟ್ಟೆಯನ್ನು ಒಳಗೆ ನೂಕಿದ್ದು ನೆಲ ಒರೆಸುವ ಕೋಲು; ಅದರ ತುದಿಯ ಒದ್ದೆ ಬಟ್ಟೆ ಅನ್ನಕ್ಕೆ ತಾಗಿತ್ತು.