ಗೋಡೆಯ ಮೇಲೆ ಯಾರೂ ನಡೆಯುವುದಿಲ್ಲ

ಫರಶಿ ಕಾಕಾನ ಪಾದಗಳು ಮುಂದೆ ಅಗಲವಾಗಿ ಹರಡಿಕೊಂಡಿದ್ದವು. ಹಿಮ್ಮಡಿಯ ಬಿರುಕುಗಳಲ್ಲಿ ಸಿಮೆಂಟಿನ ಬೂದಿಬಣ್ಣ ಕೂತುಬಿಟ್ಟಿತ್ತು. ಮರಾಠಿ ನಾಡಿನ ಕೊಂಢವಾದಲ್ಲಿ ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲೇ ನೆಲಕ್ಕೆ ಹಾಸುವ ಫರಶಿ, ಟೈಲ್ಸ್ ಮಾರುವ ಅವರ ಅಂಗಡಿ. ಅಲ್ಲಿ ಅವರು ಚಪ್ಪಲಿ ಮೆಟ್ಟಿದ್ದನ್ನು ನಾನೊಮ್ಮೆಯೂ ಕಾಣಲಿಲ್ಲ. ಗಿರಾಕಿ ಬಂದರೆ ಒಂದು ಟೈಲ್ಸ್ ನೆಲಕ್ಕಿಟ್ಟು ತಂಬಿಗೆಯಿಂದ ನೀರು ಸುರಿಯುವರು. "ಚಪ್ಪಲಿ ಬಿಟ್ಟು ಇದರ ಮ್ಯಾಲೆ ನಿಂದರ್ರಿ. ಕಣ್ಣಿಗೆ ಕೇಳಬ್ಯಾಡ್ರಿ, ಕಾಲಿಗೆ ಕೇಳ್ರಿ." ಫರಶಿ ಮಾರುತ್ತೀರೋ ಕುಣಿತ ಕಲಿಸುತ್ತೀರೋ ಎಂದು ಮರಾಠಿ ಗಿರಾಕಿಗಳು ಚೇಷ್ಟೆ ಮಾಡುತ್ತಿದ್ದರು. ಕಾಕಾ ಬೆಳಗಾವಿ ಕಡೆಯವರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ, ಆದರೂ ಗಲ್ಲಿಗೆಲ್ಲ ಕಾಕಾ, ನನಗೂ ಕಾಕಾ.

ಆಗ ನನ್ನ ಮಗಳು ಬಸುರಿ. ಚೊಚ್ಚಲ ಹೆರಿಗೆಗೆ ನಮ್ಮ ಮನೆಗೇ ಬರುವವಳಿದ್ದಳು. ನನ್ನ ಹಿಗ್ಗು ಕೇಳಬೇಡಿ! ಕಾಯಿಪಲ್ಯೆ ಮಾರುವವಳಿಗೂ ಕರೆದು ಕರೆದು ಹೇಳಿದ್ದೆ. ಆದರೆ ಬಚ್ಚಲು ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತಿತ್ತು. ಹಳೆಯ ಫರಶಿ ಸವೆದು ಬೆಣ್ಣೆಯಂತಾಗಿತ್ತು. ನಾನೇ ಅಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮಲಗಿದವಳು. ತುಂಬಿದ ಬಸುರಿ ಅಲ್ಲಿ ಕಾಲಿಡುವುದು ಹೇಗೆ?

ನಾನು ಕಲಿತದ್ದು ಎರಡನೇ ಇಯತ್ತೆ, ಟೇಪಿನ ಗೆರೆ ತಿಳಿಯುವುದಿಲ್ಲ. ಕೂಸಿನ ಟೋಪಿಗೆಂದು ಹಳದಿ ಉಲ್ಲನ್ ತಂದಿಟ್ಟಿದ್ದೆ. ಅದರ ಎಳೆ ಹಿಡಿದು ಬಚ್ಚಲಿನ ಉದ್ದ, ಅಗಲ, ಗೋಡೆಯ ಎತ್ತರ ಅಳೆದೆ. ಒಂದೊಂದಕ್ಕೂ ಒಂದು ಗಂಟು. ಸೆರಗಿನಲ್ಲಿ ಕಟ್ಟಿಕೊಂಡು ಅಂಗಡಿಗೆ ನಡೆದೆ.

ಕಾಕಾ ಎಳೆಯನ್ನು ಟೇಪಿನ ಮೇಲಿಟ್ಟು ಜಗ್ಗಿದರು, ಉದ್ದವಾಯಿತು. ಬಿಟ್ಟರು, ಗಿಡ್ಡವಾಯಿತು. ಮತ್ತೆ ಜಗ್ಗಿದರು.

"ಅಕ್ಕಾರ, ನಿಮ್ಮ ಬಚ್ಚಲ ಉಸಿರಾಡ್ಲಿಕ್ಕತ್ತದಲ್ರಿ!"

"ನಗಬ್ಯಾಡ್ರಿ. ಕೂಸಿನ ಟೋಪಿಗೆ ತಂದದ್ದು ಅದು."

ನಗು ನಿಂತಿತು. "ಯಾರು ಬಸರಿ ಅದಾರ್ರಿ?"

"ನನ್ನ ಮಗಳು."

ಕಾಕಾ ಅಂಗಡಿಯ ಶಟರ್ ಅರ್ಧ ಎಳೆದು, ಟೇಪು, ತಂಬಿಗೆ ಹಿಡಿದು ನನ್ನ ಹಿಂದೆಯೇ ಬಂದರು.

ಮೊದಲು ಬಚ್ಚಲಿನಲ್ಲಿ ನೀರು ಸುರಿದು ನೋಡುತ್ತ ನಿಂತರು. ನೀರು ಮೋರಿಯ ಕಡೆ ಹೋಗದೆ, ಮಣೆ ಹಾಕಿ ಕೂರುವ ಜಾಗದಲ್ಲೇ ನಿಂತಿತು. "ಇದರ ಮ್ಯಾಲೆ ಬಂಗಾರದ ಫರಶಿ ಹಚ್ಚಿದ್ರೂ ಜಾರತದ್ರಿ. ನೆಲಾ ಒಡದು, ನೀರು ಹರಿಯೂಹಂಗ ಇಳಕಲ ಮಾಡಿ ಹಚ್ಚಬೇಕು."

ಹೊಸ್ತಿಲ ಮೇಲೆ ಕೂತು ಬಾಯಲ್ಲೇ ಲೆಕ್ಕ ಹಾಕಿದರು. ನೆಲಕ್ಕೆಷ್ಟು, ಗೋಡೆಗೆಷ್ಟು, ಕತ್ತರಿಸುವಾಗ ಒಡೆಯುತ್ತವೆಂದು ಹತ್ತಕ್ಕೊಂದು ಹೆಚ್ಚು. ಆಮೇಲೆ ಉಸುಕು, ಸಿಮೆಂಟು, ಗೌಂಡಿಯ ಪಗಾರ, ಒಡೆದದ್ದನ್ನು ಹೊತ್ತೊಯ್ಯುವ ಖರ್ಚು. ನಾನು ಕೂಡಿಟ್ಟದ್ದು ಅದಕ್ಕೆ ಸಾಲುವಂತಿರಲಿಲ್ಲ.

"ಹಂಗಾರ ನೆಲಾ ಒಡೀಬ್ಯಾಡ್ರಿ, ಮ್ಯಾಲೇ ಹಚ್ಚಿಬಿಡ್ರಿ. ಗ್ವಾಡಿಗೆ ಮಾತ್ರ ತುದೀತನಕ ಗುಲಾಬಿ ಹೂವಿನವು ಬೇಕು. ಬೀಗರು ಬರೋರದಾರ."

"ಬೀಗರು ಗ್ವಾಡಿ ನೋಡತಾರ್ರಿ, ಖರೆ. ನಿಮ್ಮ ಮಗಳು ನೆಲದ ಮ್ಯಾಲೆ ನಡೀತಾಳ. ಗ್ವಾಡಿ ಮ್ಯಾಲೆ ಯಾರೂ ನಡ್ಯಂಗಿಲ್ಲ."

ನನಗೆ ಸಿಟ್ಟು ಬಂತು. "ನಿಮ್ಮ ಮಾಲು ನೀವೇ ಬ್ಯಾಡ ಅಂತೀರಲ್ಲ, ಎಂಥಾ ವ್ಯಾಪಾರಸ್ಥರ್ರಿ ನೀವು?"

"ಅದಕ್ಕ ನೋಡ್ರಿ ಅಕ್ಕಾರ, ಇನ್ನೂ ಚಪ್ಪಲಿಗೆ ರೊಕ್ಕ ಕೂಡಿಲ್ಲ!"

ಸಿಟ್ಟೆಲ್ಲ ನಗೆಯಲ್ಲಿ ಹೋಯಿತು. ಕೊನೆಗೆ ಗೋಡೆಗೆ ಭುಜದ ಎತ್ತರದವರೆಗೆ ಬರೀ ಬಿಳಿ ಟೈಲ್ಸ್, ಅದರ ಮೇಲೆ ಬಣ್ಣ. ಉಳಿದ ದುಡ್ಡೆಲ್ಲ ನೆಲಕ್ಕೆ. ಒರಟು ಮೈಯ, ಮಣ್ಣಿನ ಬಣ್ಣದ ಫರಶಿ. ಗೌಂಡಿ ಕೆಲಸ ಮುಗಿಸುವ ದಿನ ಕಾಕಾ ತಾವೇ ಬಂದು, ಬಾಗಿಲಿಗೆ ಎದುರಾಗಿ ಒಂದೇ ಒಂದು ಗುಲಾಬಿಯ ಟೈಲ್ಸ್ ಕೂಡಿಸಿದರು. "ಇದು ಬೀಗರ ಸಲುವಾಗಿ. ಲೆಕ್ಕದಾಗ ಹಿಡಿದಿಲ್ಲ." ಹಳದಿ ಎಳೆಯನ್ನೂ ಮರಳಿ ಕೊಟ್ಟರು. "ಅಳತಿ ಮುಗೀತು. ಇನ್ನ ಟೋಪಿ ಹೆಣೀರಿ."

ಮಗಳು ಬಂದಳು, ದಿನ ತುಂಬುವವರೆಗೂ ಅದೇ ಬಚ್ಚಲಿನಲ್ಲಿ ಮಿಂದಳು. ಒಮ್ಮೆಯೂ ಕಾಲು ತಪ್ಪಲಿಲ್ಲ. ಹೆಣ್ಣು ಹುಟ್ಟಿತು! ಬೆಣ್ಣೆಯ ಮುದ್ದೆ, ನಮ್ಮವ್ವನದೇ ಹಣೆ.

ತೊಟ್ಟಿಲಿಗೆ ಹಾಕುವ ದಿನ ಕಾಕಾ ಬಂದವರೇ ಕೂಸನ್ನು ನೋಡದೆ ನೇರ ಬಚ್ಚಲಿಗೆ ಹೋದರು. ಒಳಗೆ ನೀರು ಸುರಿದ ಸದ್ದು, ಅತ್ತಿತ್ತ ನಡೆದ ಸದ್ದು. ಬೀಗರು ಮುಖ ಮುಖ ನೋಡಿಕೊಂಡರು. ಕಾಕಾ ಒದ್ದೆ ಕಾಲಲ್ಲೇ ಹೊರಗೆ ಬಂದು, "ಹಾಂ, ಬರೋಬ್ಬರಿ ಅದ. ಈಗ ಕೂಸಿನ ತೋರಸ್ರಿ" ಅಂದರು. ಹಳದಿ ಟೋಪಿ ಹಾಕಿಕೊಂಡು ಮಲಗಿತ್ತು. ಅದರ ಅಂಗಾಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು.

"ಇವರು ಯಾರ್ರಿ?" ಬೀಗಿತಿ ನನ್ನ ಕಿವಿಯಲ್ಲಿ ಕೇಳಿದರು.

"ನನ್ನ ತವರಮನಿಯವರು" ಅಂದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಆದರೆ ಅದು ಸುಳ್ಳು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ.

ಕೂಸು ಎದ್ದು ನಿಲ್ಲುವ ಮೊದಲೇ ಕಾಕಾ ತೀರಿಕೊಂಡರು. ಮಲಗಿದವರು ಏಳಲಿಲ್ಲ. ಕಡೆಯ ದರ್ಶನಕ್ಕೆ ಹೋದಾಗ ನಾನು ಮುಖ ನೋಡುವ ಮೊದಲು ಪಾದ ನೋಡಿದೆ. ಮೀಯಿಸಿದ್ದರೂ ಬಿರುಕಿನ ಬೂದಿಬಣ್ಣ ಹೋಗಿರಲಿಲ್ಲ. ಮುಟ್ಟಿ ನಮಸ್ಕಾರ ಮಾಡಿದೆ.

ಈಗ ಮಗಳು ತವರಿಗೆ ಬಂದಾಗಲೆಲ್ಲ ಮೊಮ್ಮಗಳಿಗೆ ನಾನೇ ಎರೆಯಬೇಕು. ಒದ್ದೆ ನೆಲದ ಮೇಲೆ ಥಪಥಪ ಕುಣಿಯುತ್ತಾಳೆ. ಹೋಗಿ ಗೋಡೆಯ ಗುಲಾಬಿಗೆ ಪಟ್ಟೆಂದು ಹೊಡೆದು "ಹೂ" ಅನ್ನುತ್ತಾಳೆ. ಬಿದ್ದಾಳೆಂದು ನಾನು ರಟ್ಟೆ ಹಿಡಿದರೆ ಕೊಸರಿಕೊಳ್ಳುತ್ತಾಳೆ.

"ಬಿಡು ಅಜ್ಜಿ!"

ಬಿಡುತ್ತೇನೆ.