ಷೇರು ಮಾಮನ ಕೊನೆಯ ಪರೀಕ್ಷೆ

ಬೀದಿಯವರೆಲ್ಲ ‘ಷೇರು ಮಾಮ’ ಎಂದು ಕರೆಯುವ ಈ ದರ್ಜಿ ಇದುವರೆಗೂ ಒಂದೇ ಒಂದು ಷೇರು ಕೊಂಡವರಲ್ಲ. ಕೊಂಡರೆ ಓಟದ ಶೂ ಮಾಡುವ ಕಂಪನಿಯದೇ ಆಗಬೇಕು, ಅದೂ ಅಳೆದು ಸುರಿದು ನೋಡಿದ ಮೇಲೆ. ಯಾವ ಕಂಪನಿಗೆ ಎಷ್ಟು ಲಾಭ, ಯಾವುದಕ್ಕೆ ಎಷ್ಟು ಸಾಲ ಎಂಬುದೆಲ್ಲ ಬಾಯಿಪಾಠ; ಆದರೂ ಪೇಪರಿಗಿಂತ ಜನರ ಕಾಲಿನ ಮೇಲೇ ಅವರಿಗೆ ಹೆಚ್ಚು ನಂಬಿಕೆ. ಪ್ಯಾಂಟಿನ ಉದ್ದ ಅಳೆಯಲು ಬಗ್ಗಿದವರು ಗಿರಾಕಿಯ ಶೂ ಒತ್ತಿ ನೋಡಿ, “ತಗೊಂಡು ವರ್ಷ ಆಯ್ತಾ? ಆದ್ರೂ ಅಂಟು ಬಿಟ್ಟಿಲ್ಲ ನೋಡಿ, ಈ ಕಂಪನಿ ಮೇಲೆ ಬರುತ್ತೆ,” ಎನ್ನುವಷ್ಟರಲ್ಲಿ ಅಳತೆ ಮರೆತೇಹೋಗಿರುತ್ತದೆ. ಸಾವಿನ ಮನೆಗೆ ಹೋದರೂ ಕಣ್ಣು ಬಾಗಿಲಲ್ಲಿ ಬಿಟ್ಟ ಶೂಗಳ ಮೇಲೆಯೇ. “ರೀ, ನೀವು ಹೋಲಿಸಿ ಮುಗಿಸೋಷ್ಟರಲ್ಲಿ ಜನ ಬರಿಗಾಲಲ್ಲಿ ಓಡೋಕೆ ಶುರು ಮಾಡಿರ್ತಾರೆ,” ಎಂದು ಹೆಂಡತಿ ಹಂಗಿಸುತ್ತಾರೆ. ಎಲ್ಲದರಲ್ಲೂ ಪಾಸಾದ ಕಂಪನಿಗೂ ಕೊನೆಗೊಂದು ಪರೀಕ್ಷೆ ಇದ್ದೇ ಇದೆ. ಮಾಮ ಫೋನು ಮಾಡಿ, “ಎಡಗಾಲಿಗೆ ನಾಲ್ಕನೇ ನಂಬರು, ಬಲಗಾಲಿಗೆ ಆರನೇ ನಂಬರು, ಒಂದೇ ಜೊತೆ ಅಂತ ಕೊಡ್ತೀರಾ?” ಎಂದು ಕೇಳುತ್ತಾರೆ. ಎರಡು ಜೊತೆ ಕೊಳ್ಳಬೇಕು ಎಂದರೆ, “ಹಾಗಾದ್ರೆ ನಿಮ್ಮ ಷೇರು ನನಗೆ ಬೇಡಪ್ಪಾ,” ಎಂದು ಇಟ್ಟುಬಿಡುತ್ತಾರೆ. ಚಿಕ್ಕಂದಿನಲ್ಲಿ ಕಾಯಿಲೆ ಬಿದ್ದ ಮಗಳ ಎಡಪಾದ ಬಲಪಾದದಷ್ಟು ಬೆಳೆಯಲೇ ಇಲ್ಲ. ಓಡುವ ಹುಚ್ಚು ಮಾತ್ರ ಎರಡು ಕಾಲಿಗೂ ಆಗುವಷ್ಟು ಬೆಳೆಯಿತು. ಅವಳಿಗಾಗಿ ಎರಡೆರಡು ಜೊತೆ ಕೊಂಡು, ಮಿಕ್ಕ ದೊಡ್ಡ ಎಡಗಾಲಿನದನ್ನೂ ಚಿಕ್ಕ ಬಲಗಾಲಿನದನ್ನೂ ಲೇಸು ಸೇರಿಸಿ ಕಟ್ಟಿ ಅಂಗಡಿಯ ಮೇಲಿನ ಹಲಗೆಯಲ್ಲಿ ಸಾಲಾಗಿ ಇಟ್ಟಿದ್ದಾರೆ. ಎಸೆದುಬಿಡಿ ಎಂದ ಹೆಂಡತಿಗೆ, ಧೂಳು ಒರೆಸುತ್ತಲೇ, “ಇರ್ಲಿ ಬಿಡೇ, ನಮ್ಮ ಮಗೂಗೆ ತಿರುಗಾಮುರುಗಾ, ಎಡಗಾಲು ದೊಡ್ಡದು ಬಲಗಾಲು ಚಿಕ್ಕದು ಇರೋ ಮಗು ಇನ್ನೊಂದು ಎಲ್ಲೋ ಇದ್ದೇ ಇರುತ್ತೆ,” ಎನ್ನುತ್ತಾರೆ.