ಕಿನುಯೋ ತುಂಬಿಸಿದ ಕಾಣದ ಗುಂಡಿಗಳು

ನಿಶಿವಾಕಿ ಕಿನುಯೋಗೆ ಓದು ಹತ್ತಿದ್ದು ಹೈಸ್ಕೂಲಿನವರೆಗೆ ಮಾತ್ರ. ಆದರೆ ಅವಳ ಬೆರಳುಗಳಿಗೆ ಹತ್ತಿದ್ದ ವಿದ್ಯೆ ಅವಳು ಕೆಲಸ ಮಾಡುವ ಒಸಾಕಾದ ವಿಶ್ವವಿದ್ಯಾಲಯದ ಯಾವ ಪ್ರೊಫೆಸರಿಗೂ ಹತ್ತಿರಲಿಲ್ಲ. ಹದಿನೆಂಟನೇ ವಯಸ್ಸಿಗೆ ಕುಮಾಮೊತೊದ ಚಿಪ್ ಕಾರ್ಖಾನೆ ಸೇರಿ, ಕೂದಲಿಗಿಂತ ತೆಳುವಾದ ಚಿನ್ನದ ತಂತಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಬೆಸೆಯುವುದನ್ನು ಕಲಿತವಳು ಅವಳು. ಮದುವೆಯಾಗಿ ಒಸಾಕಾಗೆ ಬಂದ ವರ್ಷವೇ ವಿಶ್ವವಿದ್ಯಾಲಯದವರು ‘ಕೈ ನಡುಗದವರು ಬೇಕಾಗಿದ್ದಾರೆ’ ಎಂದು ಪತ್ರಿಕೆಯಲ್ಲಿ ಹಾಕಿದ್ದರು. ಸಂದರ್ಶನದಲ್ಲಿ, “ಕೈ ನಡುಗಲ್ಲ ತಾನೇ?” ಅಂತ ಕೇಳಿದರು. “ಗಂಡನ ಅಡುಗೆ ತಿನ್ನುವಾಗ ಬಿಟ್ರೆ ಇನ್ಯಾವಾಗ್ಲೂ ಇಲ್ಲ” ಎಂದಳು. ಅಂದೇ ಕೆಲಸ ಸಿಕ್ಕಿತು.

ಕೆಲಸವೆಂದರೆ, ಉಪಗ್ರಹದಲ್ಲಿ ಕೂತು ನಕ್ಷತ್ರಗಳ ಎಕ್ಸ್‌ರೇ ಹಿಡಿಯುವ ಸೆನ್ಸರುಗಳನ್ನು ಜೋಡಿಸುವುದು. ಬೆಂಕಿಪೊಟ್ಟಣದಷ್ಟು ಅಗಲದ ಸಿಲಿಕಾನ್ ಬಿಲ್ಲೆ. ಅದರ ಮೇಲೆ ಸಾಲುಸಾಲಾಗಿ ಲಕ್ಷಾಂತರ ಮನೆಗಳು. ಒಂದು ಮನೆಗೆ ಎಕ್ಸ್‌ರೇ ಬಿದ್ದರೆ ಅಲ್ಲಿ ಒಂದು ಹಿಡಿ ಎಲೆಕ್ಟ್ರಾನು ಹುಟ್ಟುತ್ತದೆ. ಆ ಹಿಡಿಯನ್ನು ಒಂದು ಸಾಲು ಮುಂದಿನ ಸಾಲಿಗೆ, ಅದು ಅದರಾಚೆಯದಕ್ಕೆ ದಾಟಿಸುತ್ತ ಅಂಚಿಗೆ ತಂದು ಎಣಿಸುತ್ತಾರೆ. ಎಣಿಕೆ ಸರಿಯಿದ್ದರೆ ಆ ಕಿರಣ ಕಬ್ಬಿಣದಿಂದ ಬಂತೋ ಗಂಧಕದಿಂದ ಬಂತೋ ಹೇಳಬಹುದು. ಕಿನುಯೋ ಇದನ್ನೆಲ್ಲ ಯಾರ ಬಳಿಯೂ ಪಾಠ ಹೇಳಿಸಿಕೊಂಡವಳಲ್ಲ. ಹದಿನೆಂಟು ವರ್ಷ ಅದರ ಜೊತೆಗೇ ಬಾಳಿ ತಿಳಿದುಕೊಂಡಿದ್ದಳು.

ಆ ಪ್ರಯೋಗಾಲಯದ ಮುಖ್ಯಸ್ಥ ಕುರಾತಾನಿ ವಯಸ್ಸಿನಲ್ಲಿ ಅವಳಿಗಿಂತ ಆರು ವರ್ಷ ಚಿಕ್ಕವನು. ವಿದ್ಯಾರ್ಥಿಯಾಗಿದ್ದಾಗ ಧೂಳಿಲ್ಲದ ಕೋಣೆಗೆ ತಲೆ ಕೆರೆದುಕೊಳ್ಳುತ್ತ ನುಗ್ಗಿ ಅವಳ ಕೈಲಿ ಬೈಸಿಕೊಂಡವನು. ಪ್ರೊಫೆಸರಾದ ಮೇಲೂ ಬೈಗುಳ ನಿಂತಿರಲಿಲ್ಲ. ಮಾತಿಗೆ ‘ಸೆನ್ಸೇ’ ಎಂಬ, ಗುರುಗಳಿಗೆ ಸಲ್ಲುವ ಗೌರವ ಸೇರಿತ್ತು, ಅಷ್ಟೆ. “ಸೆನ್ಸೇ, ಹೊಟ್ಟು ಉದುರಿಸ್ಬೇಡಿ. ನಿಮ್ಮ ತಲೆಯಿಂದ ಬಿದ್ದದ್ದನ್ನ ಹೊಸ ನಕ್ಷತ್ರ ಅಂತ ಬರೆದುಬಿಟ್ಟೀರಿ!”

ಅವರ ಉಪಗ್ರಹ ಮೇಲೇರಿ ಮೂರು ವರ್ಷವಾಗಿತ್ತು. ಮೊದಲ ವರ್ಷ ಅದು ಕಳಿಸಿದ ಎಣಿಕೆಯನ್ನು ನಕ್ಷೆಗಿಳಿಸಿದರೆ ಒಂದೊಂದು ಧಾತುವಿಗೆ ಒಂದೊಂದು ಗೆರೆ ಏಳುತ್ತಿತ್ತು; ಆ ಗೆರೆಗಳು ಸೂಜಿಯಷ್ಟು ಚೂಪಾಗಿದ್ದವು. ಬರಬರುತ್ತ ಮೊಂಡಾದವು. ಬಾಹ್ಯಾಕಾಶದ ಪ್ರೋಟಾನುಗಳು ಆಲಿಕಲ್ಲಿನಂತೆ ಬಡಿದು ಸಿಲಿಕಾನಿನೊಳಗೆ ಸಣ್ಣ ಸಣ್ಣ ಗುಂಡಿ ತೋಡುತ್ತಿದ್ದವು. ಸಾಲಿನಿಂದ ಸಾಲಿಗೆ ದಾಟುವ ಎಲೆಕ್ಟ್ರಾನುಗಳಲ್ಲಿ ಕೆಲವು ಆ ಗುಂಡಿಗಳಲ್ಲಿ ಸಿಕ್ಕಿಬಿದ್ದು ತಡವಾಗಿ ಬರುತ್ತಿದ್ದವು. ಎಣಿಕೆ ತಪ್ಪಿತು. ಕಬ್ಬಿಣ ಯಾವುದು, ಅದರ ನೆರೆಯದು ಯಾವುದು ಎಂದು ಗುರುತು ಹತ್ತದಾಯಿತು.

ಆದರೆ ಮೇಲಿದ್ದ ಸೆನ್ಸರಿಗೆ ನೆಲದ ಮೇಲೊಂದು ಅವಳಿ ಇತ್ತು. ಎರಡನ್ನೂ ಒಂದೇ ವಾರ ಬೆಸೆದವಳು ಕಿನುಯೋ. ಮೇಲಿನದು ತಿಂದ ಪೆಟ್ಟನ್ನೆಲ್ಲ ಕೆಳಗಿನದಕ್ಕೂ ಕೊಟ್ಟು ಮದ್ದು ಹುಡುಕೋಣ ಎಂದ ಕುರಾತಾನಿ. ಅವಳಿಗೆ ಸಿಟ್ಟೇ ಬಂತು. “ಹೆತ್ತು ಹೊತ್ತು ಸಾಕಿದ್ದು ಕಲ್ಲೇಟು ತಿನ್ನಿಸೋಕಾ?”

“ಇದು ಪೆಟ್ಟು ತಿಂದ್ರೆ ಅದು ಉಳಿಯುತ್ತೆ, ಕಿನುಯೋಸಾನ್.”

“ಹಾಗಿದ್ರೆ ನಾನೇ ಕರ್ಕೊಂಡು ಹೋಗ್ತೀನಿ. ನೀವು ದಾರೀಲಿ ಬೀಳಿಸ್ತೀರಿ.”

ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್ ಗೆಡ್ಡೆಗೆ ಪ್ರೋಟಾನ್ ಹಾಯಿಸುವ ಯಂತ್ರವಿತ್ತು. ರೋಗಿಗಳಿಲ್ಲದ ಭಾನುವಾರ ಅದು ಇವರದ್ದಾಗುತ್ತಿತ್ತು. ಸೆನ್ಸರಿನ ಡಬ್ಬಿಯನ್ನು ಹೂವಿನ ಬಟ್ಟೆಯಲ್ಲಿ ಗಂಟು ಕಟ್ಟಿ, ತೊಡೆಯ ಮೇಲಿಟ್ಟುಕೊಂಡು, ಕಿನುಯೋ ಬುಲೆಟ್ ರೈಲಿನಲ್ಲಿ ಅಲ್ಲಾಡದೆ ಕೂತಳು. ಪಕ್ಕದ ಮುದುಕಿ ಆಸೆಗಣ್ಣಿನಿಂದ ನೋಡಿ ಕೇಳಿದಳು: “ಕೇಕಾ ತಾಯೀ?”

“ಅಲ್ಲ ಅಜ್ಜೀ, ಕಣ್ಣು.”

ಮುದುಕಿ ತನ್ನ ಚೀಲ ಎತ್ತಿಕೊಂಡು ಕಿಟಕಿಯ ಕಡೆ ಸರಿದು ಕೂತಳು.

ಏಟು ತಿಂದ ಸೆನ್ಸರು ಮರಳಿತು. ಕುರಾತಾನಿಯ ಬಳಿ ಒಂದು ಉಪಾಯವಿತ್ತು: ಪ್ರತಿ ಚಿತ್ರಕ್ಕೆ ಮೊದಲು ಒಂದು ಸಾಲಿನ ತುಂಬ ಬಿಟ್ಟಿ ಎಲೆಕ್ಟ್ರಾನು ಸುರಿದು ದಾಟಿಸಿದರೆ ಅವು ಗುಂಡಿಗಳನ್ನು ತುಂಬುತ್ತವೆ, ಹಿಂದೆ ಬರುವ ಅಸಲಿ ಎಲೆಕ್ಟ್ರಾನುಗಳು ಎಡವದೆ ಸಾಗುತ್ತವೆ. ಹಾಗೆ ಸುರಿಯುವ ಏರ್ಪಾಡು ಎರಡೂ ಸೆನ್ಸರಿನಲ್ಲಿ ಮೊದಲಿಂದಲೇ ಇತ್ತು. ಸುರಿದು ನೋಡಿದರು. ನಕ್ಷೆಯಲ್ಲಿ ಗೆರೆ ಮೊದಲಿನಷ್ಟೇ ಮೊಂಡು. ಇಪ್ಪತ್ತು ದಿನ ಹೆಚ್ಚು ಸುರಿದರು, ಕಡಿಮೆ ಸುರಿದರು, ತಣ್ಣಗೆ ಮಾಡಿದರು. ಏನೂ ಬದಲಾಗಲಿಲ್ಲ. ಕುರಾತಾನಿಯ ಮುಖ ಹಿಂಡಿದ ಬಟ್ಟೆಯಂತಾಯಿತು. ಸಂಶೋಧನೆಗೆಂದು ಸೇರಿದ್ದ ಅರಿಮೋತೊ ಎಂಬ ಹುಡುಗಿ ಬೇರೆ ವಿಷಯ ಹುಡುಕಿಕೊಳ್ಳಲೇ ಎಂದು ಮೆಲ್ಲಗೆ ವಿಚಾರಿಸತೊಡಗಿದಳು.

ಕಿನುಯೋಗೆ ನಕ್ಷೆಗಳೆಂದರೆ ನಂಬಿಕೆ ಕಡಿಮೆ. ಸೆನ್ಸರು ತೆಗೆದ ಚಿತ್ರವನ್ನೇ ದೊಡ್ಡ ಕಾಗದಕ್ಕೆ ಅಚ್ಚು ಹಾಕಿಸಿ, ಮೇಜಿನ ಮೇಲೆ ಹರಡಿ, ಬಟ್ಟೆಯ ನೇಯ್ಗೆ ನೋಡುವ ಹಾಗೆ ಸಾಲುಸಾಲು ನೋಡುವುದು ಕಾರ್ಖಾನೆಯಿಂದ ತಂದ ಚಾಳಿ. ಒಂದು ಮಂಗಳವಾರ ಊಟದ ಬಿಡುವಿನಲ್ಲಿ ಅನ್ನದುಂಡೆ ಕಚ್ಚುತ್ತ ನೋಡುತ್ತಿದ್ದಳು. ಕಾಗದದ ತುಂಬ ಎಕ್ಸ್‌ರೇ ಬಿದ್ದ ಚುಕ್ಕಿಗಳು. ಪೆಟ್ಟು ತಿಂದ ಸೆನ್ಸರಾದ್ದರಿಂದ ಒಂದೊಂದು ಚುಕ್ಕಿಗೂ ಹಿಂದೆ ಮಸುಕು ಬಾಲ. ಆದರೆ ಬಿಟ್ಟಿ ಎಲೆಕ್ಟ್ರಾನು ಸುರಿದ ಸಾಲಿನ ಬೆನ್ನಿಗಿದ್ದ ಚುಕ್ಕಿಗಳಿಗೆ ಬಾಲವೇ ಇರಲಿಲ್ಲ! ಅವಳು ಬೆರಳಿಟ್ಟು ಎಣಿಸಿದಳು. ಐವತ್ತು ಸಾಲಿನವರೆಗೆ ಚೊಕ್ಕ. ಆಮೇಲೆ ಬಾಲ ಚಿಗುರಿ, ನೂರರ ಹೊತ್ತಿಗೆ ಮತ್ತೆ ಮೊದಲಿನಂತೆ.

ಅನ್ನದುಂಡೆ ಕೈಯಲ್ಲಿ ಹಿಡಿದುಕೊಂಡೇ ಕುರಾತಾನಿಯ ಕೋಣೆಗೆ ಹೋದಳು. “ಸೆನ್ಸೇ, ನಿಮ್ಮ ಮದ್ದು ಕೆಲಸ ಮಾಡ್ತಿದೆ ಕಣ್ರೀ.”

“ತಮಾಷೆ ಬೇಡ. ನಕ್ಷೆ ನೋಡಿದೀನಲ್ಲ.”

“ನಕ್ಷೇಲಿ ನೀವು ಸಾವಿರ ಸಾಲನ್ನ ಒಟ್ಟಿಗೆ ಕಲಸಿ ಸಾರು ಮಾಡಿದೀರಿ. ಐವತ್ತರ ರುಚಿ ಅದ್ರಲ್ಲಿ ಎಲ್ಲಿ ಗೊತ್ತಾಗುತ್ತೆ? ಇಲ್ಲಿ ನೋಡಿ. ಗುಂಡಿ ತುಂಬ್ತಿದೆ, ಆದ್ರೆ ಸೋರ್ತಿದೆ. ಒಂದ್ಸಲ ಸುರಿದು ಕೈ ತೊಳ್ಕೊಂಡ್ರೆ ಆಗಲ್ಲ. ಬರಿದಾಗೋ ಮುಂಚೆ ಮತ್ತೆ ಸುರೀಬೇಕು. ಐವತ್ತು ಸಾಲಿಗೊಮ್ಮೆ.”

ಕುರಾತಾನಿ ಕಾಗದ ನೋಡಿದ. ಅವಳನ್ನು ನೋಡಿದ. ಮತ್ತೆ ಕಾಗದ ನೋಡಿದ. “ಅಷ್ಟು ಸಾಲು ನಮಗೆ ನಷ್ಟ ಆಗುತ್ತಲ್ಲ...”

“ನೂರಕ್ಕೆ ಎರಡು. ಇಡೀ ಗದ್ದೆ ಹಾಳಾಗೋ ಬದಲು ಬದುವಿಗಷ್ಟು ಜಾಗ ಬಿಡೋಕೆ ಅಳ್ತೀರಾ?”

ಅರಿಮೋತೊ ಅಂದೇ ಸಂಜೆಯೊಳಗೆ ಆಜ್ಞೆಗಳನ್ನು ತಿದ್ದಿ ನೆಲದ ಸೆನ್ಸರಿಗೆ ಉಣಿಸಿದಳು. ಮೊಂಡಾಗಿದ್ದ ಗೆರೆ ಎದ್ದು ನಿಂತಿತು. ಒಂದು ತಿಂಗಳು ಹತ್ತು ಬಗೆಯಲ್ಲಿ ಪರೀಕ್ಷಿಸಿದ ಮೇಲೆ ಉಪಗ್ರಹಕ್ಕೂ ಅದೇ ಆಜ್ಞೆ ಹೋಯಿತು.

ಫಲ ಬರುವ ದಿನ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಒಂದೇ ಪರದೆಯ ಮುಂದೆ ಸೇರಿದರು. ಸಾವಿರಾರು ವರ್ಷದ ಹಿಂದೆ ಸಿಡಿದ ನಕ್ಷತ್ರವೊಂದರ ಬೂದಿಯ ಕಡೆ ಉಪಗ್ರಹ ಮುಖ ಮಾಡಿತ್ತು. ದಕ್ಷಿಣದ ಕಡಲತೀರದ ತಟ್ಟೆಯಾಕಾರದ ದೊಡ್ಡ ಆಂಟೆನಾ ಅದರ ಮಾತು ಹಿಡಿದು ಇಲ್ಲಿಗೆ ಕಳಿಸಿತು. ಅರಿಮೋತೊ ಕೀಲಿಮಣೆ ಒತ್ತಿದಳು, ನಕ್ಷೆ ಮೂಡಿತು. ಗೆರೆಗಳು ಮೊಂಡಾದಾಗಿನಿಂದ ಒಂದೇ ಗುಡ್ಡದಂತೆ ಕಾಣುತ್ತಿದ್ದದ್ದು ಮೂರು ಶಿಖರವಾಗಿ ಬಿಡಿಬಿಡಿಯಾಗಿ ನಿಂತಿತ್ತು. ನಡುವಿನದು ಕಬ್ಬಿಣ.

ಕುರಾತಾನಿ ಎಂಥದೋ ಕೂಗು ಹಾಕಿ ಮೇಲೆ ಹಾರಿದ. ಅವನ ಕಾಲಿನ ಚಪ್ಪಲಿ ಚಿಮ್ಮಿ ಬೀರುವಿನ ತಲೆಯ ಮೇಲೆ ಹೋಗಿ ಕೂತಿತು. ಅರಿಮೋತೊ ಕಿನುಯೋಳ ಕೊರಳಿಗೆ ಬಿದ್ದು ಗೊಳೋ ಎಂದು ಅತ್ತಳು. “ಅಯ್ಯೋ ಮಾರಾಯ್ತಿ, ಗೆದ್ದಾಗಲೂ ಅಳ್ತಾರಾ?” ಎನ್ನುತ್ತಿದ್ದ ಕಿನುಯೋಳ ಕನ್ನಡಕವೂ ಮಂಜಾಗಿತ್ತು. ಮಧ್ಯಾಹ್ನ ಪ್ರಯೋಗಾಲಯದ ಮೇಜಿನ ಮೇಲೆಯೇ ವಿದ್ಯುತ್ ಕಾವಲಿ ಇಟ್ಟು ಒಕೊನೊಮಿಯಾಕಿ ಎಂಬ ಎಲೆಕೋಸಿನ ದೋಸೆ ಹುಯ್ದರು. ಕುರಾತಾನಿ ತಿರುವಿ ಹಾಕಲು ಹೋಗಿ ಎರಡನ್ನು ಹರಿದ. ಉಳಿದದ್ದನ್ನು ಕಿನುಯೋ ತಿರುವಿದಳು.

ಆ ಕೆಲಸದ ಪ್ರಬಂಧ ಅಚ್ಚಾದಾಗ ಲೇಖಕರ ಸಾಲಿನಲ್ಲಿ ಅವಳ ಹೆಸರು ಎರಡನೆಯದಾಗಿತ್ತು. ಕೊನೆಯಲ್ಲಿ ಕೃತಜ್ಞತೆ ಹೇಳಿದರೆ ಸಾಕು ಎಂದು ಯಾರೋ ಅಂದದ್ದಕ್ಕೆ, “ಬಾಲ ಎಣಿಸಿದವರು ಯಾರು, ನೀವಾ?” ಎಂದು ಕುರಾತಾನಿ ಬಾಯಿ ಮುಚ್ಚಿಸಿದ್ದನಂತೆ.

ಕುಮಾಮೊತೊದಲ್ಲಿ ತಮ್ಮನ ಮನೆಯ ಕಿತ್ತಳೆ ತೋಟದಲ್ಲಿ ದಿನವಿಡೀ ಆಳುಗಳ ಮೇಲೆ ದರ್ಬಾರು ಮಾಡುತ್ತಿದ್ದ ತಾಯಿಗೆ ಅವಳು ಫೋನ್ ಮಾಡಿದಳು.

“ಅಮ್ಮಾ, ನಾನು ಒಂದು ರಿಪೇರಿ ಮಾಡ್ದೆ. ಪುಸ್ತಕದಲ್ಲಿ ಹೆಸರು ಬಂತು.”

“ಏನು ರಿಪೇರಿ?”

“ಆಕಾಶದಲ್ಲಿ ಸುತ್ತುತ್ತಲ್ಲ, ಉಪಗ್ರಹ, ಅದನ್ನ.”

ಆ ಕಡೆಯಿಂದ ಗದರಿಕೆ ಬಂತು. “ಐವತ್ತು ದಾಟಿದವಳು ಅಷ್ಟೆತ್ತರ ಹತ್ತೋದಾ? ಗಂಡಸ್ರು ಯಾರೂ ಸಿಗಲಿಲ್ವಾ ಅವರಿಗೆ? ಮಂಡಿನೋವು ಬೇರೆ!”

ಕಿನುಯೋ ನಕ್ಕು ನಕ್ಕು ಗೋಡೆಗೊರಗಿ ನೆಲದ ಮೇಲೇ ಕೂತುಬಿಟ್ಟಳು. “ಇಲ್ಲಮ್ಮಾ, ಹತ್ತಲಿಲ್ಲ. ಕೆಳಗಿಂದಲೇ ಮಾಡ್ದೆ” ಎನ್ನುವಷ್ಟರಲ್ಲಿ ಅವಳಿಗೆ ಉಸಿರೇ ಉಳಿದಿರಲಿಲ್ಲ.